ಸೆಸೀಲಳ ಕೋಣೆಯ ಬೀಗದ ಕೈ

(ಯಳಂದೂರಿನಲ್ಲಿ ಮಹಿಳೆಯರಿಗಾಗಿ ‘ಡೇಂಜರಸ್ ಲಿಯೇಸಾನ್ಸ್’ ಚಿತ್ರ ತೋರಿಸಿದ ನಂತರ ಆಡಿದ ಮಾತುಗಳ ಬರಹ ರೂಪ)



ಚಿತ್ರ ಮುಗಿದ ಮೇಲೆ ಹಿರಿಯರೊಬ್ಬರು ನನ್ನನ್ನು ಕೇಳಿದರು: “ಆ ದೊಡ್ಡೋರ ಮನ ಆಟ ಕಟ್ಕಂಡು ನಮ್ಗೇನವ್ವ?” ಕೇಳಬೇಕಾದ ಪ್ರಶ್ನೆ. ಬಂಗಾರದ ಚೌಕಟ್ಟಿನ ಕನ್ನಡಿ, ಗಾಡಿ ತುಂಬುವಷ್ಟು ರೇಷ್ಮೆಯ ಲಂಗ, ಪೌಡರು ಹಚ್ಚಿದ ಕೃತಕ ಕೂದಲು. ರೇಷ್ಮೆ ಬೆಳೆದು, ನೂಲು ಬಿಚ್ಚಿ, ಕೊಳ್ಳೇಗಾಲದ ಮಗ್ಗಕ್ಕೆ ಕೊಡುವ ನಾವು ಆ ರೇಷ್ಮೆ ಉಟ್ಟವರ ಕಥೆಯನ್ನು ಏಕೆ ನೋಡಬೇಕು? ಈ ಪ್ರಶ್ನೆಗೆ ನನಗೆ ತಿಳಿದ ಉತ್ತರವನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಕಥೆಯನ್ನು ಮತ್ತೊಮ್ಮೆ ಜೋಡಿಸಿಕೊಳ್ಳೋಣ. ಷೋಡರ್ಲೊ ದ ಲಾಕ್ಲೊ ಎಂಬ ಫ್ರೆಂಚ್ ಫಿರಂಗಿ ದಳದ ಅಧಿಕಾರಿ 1782ರಲ್ಲಿ ಒಂದು ಕಾದಂಬರಿ ಬರೆದ. ಇಡೀ ಕಾದಂಬರಿ ಪತ್ರಗಳಲ್ಲೇ ಇದೆ. ಅದನ್ನು ಆಧರಿಸಿ ಸ್ಟೀಫನ್ ಫ್ರಿಯರ್ಸ್ 1988ರಲ್ಲಿ ಈ ಚಿತ್ರ ಮಾಡಿದರು. ಮೆರ್ತಯ್ ಎಂಬ ಶ್ರೀಮಂತ ವಿಧವೆಯಾಗಿ ಗ್ಲೆನ್ ಕ್ಲೋಸ್, ಅವಳ ಹಳೆಯ ಪ್ರಿಯಕರ ವಾಲ್ಮೊಂ ಆಗಿ ಜಾನ್ ಮಾಲ್ಕೊವಿಚ್ ನಟಿಸಿದ್ದಾರೆ. ಮೆರ್ತಯಳನ್ನು ಬಿಟ್ಟುಹೋದ ಇನ್ನೊಬ್ಬ ಗಂಡಸು ಈಗ ಮದುವೆಗೆ ಹೊರಟಿದ್ದಾನೆ. ಅವನಿಗೆ ಹೊರಜಗತ್ತನ್ನೇ ಕಾಣದ, ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಬೆಳೆದ ಹುಡುಗಿಯೇ ಬೇಕು. ಆ ಹುಡುಗಿ ಸೆಸೀಲ್. ಕಾದಂಬರಿಯಲ್ಲಿ ಅವಳ ವಯಸ್ಸು ಹದಿನೈದು. ಮದುವೆಗೆ ಮೊದಲೇ ಅವಳನ್ನು ‘ಕೆಡಿಸು’ ಎಂದು ಮೆರ್ತಯ್ ವಾಲ್ಮೊಂನಿಗೆ ಹೇಳುತ್ತಾಳೆ. ಅವನ ಕಣ್ಣು ತೂರ್ವೆಲ್ ಎಂಬ ದೈವಭಕ್ತ ಗೃಹಿಣಿಯ ಮೇಲಿದೆ. ಕೊನೆಗೆ ಎರಡು ಕೆಲಸವನ್ನೂ ಮಾಡುತ್ತಾನೆ. ಇಬ್ಬರು ಹೆಂಗಸರ ಬದುಕು ಹಾಳಾಗುತ್ತದೆ.

ಇದು ನಮ್ಮಿಂದ ಬಹಳ ದೂರದ ಕಾಲವೂ ಅಲ್ಲ, ಸಂಬಂಧವೇ ಇಲ್ಲದ ದೇಶವೂ ಅಲ್ಲ. ಆ ಕಾದಂಬರಿ ಬಂದ ಆರು ವರ್ಷಕ್ಕೆ, 1788ರಲ್ಲಿ, ಶ್ರೀರಂಗಪಟ್ಟಣದಿಂದ ಟಿಪ್ಪು ಸುಲ್ತಾನ ಕಳಿಸಿದ ಮೂವರು ರಾಯಭಾರಿಗಳು ಫ್ರಾನ್ಸಿಗೆ ಹೋಗಿ ಹದಿನಾರನೆಯ ಲೂಯಿಯನ್ನು ಕಂಡರು. ನೀವು ಈಗ ನೋಡಿದಂಥದೇ ಉಡುಪಿನ ಜನ ಅವರನ್ನು ನೋಡಲು ಮುಗಿಬಿದ್ದಿದ್ದರು. ಟಿಪ್ಪುವಿನ ಆಡಳಿತದಲ್ಲಿದ್ದ ಪೂರ್ಣಯ್ಯನವರಿಗೇ ಮುಂದೆ 1807ರಲ್ಲಿ ನಮ್ಮ ಈ ಯಳಂದೂರು ಜಹಗೀರಾಗಿ ಬಂತು. ದೊಡ್ಡ ಮನೆ, ಒಳಮನೆ, ಅದರೊಳಗಿನ ಗುಟ್ಟು, ಮಾನದ ಮಾತು ಇವೆಲ್ಲ ಈ ಊರಿಗೆ ಹೊಸದಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಚಿತ್ರದ ಜಾಹೀರಾತುಗಳು, ಪತ್ರಿಕಾ ವಿಮರ್ಶೆಗಳು ಇದನ್ನು ಪ್ರಣಯದಾಟ, ಮೋಹದ ಆಟ ಎಂದು ಕರೆದವು. ನೀವು ಸೆಸೀಲಳ ಕೋಣೆಯ ದೃಶ್ಯವನ್ನು ನೆನಪು ಮಾಡಿಕೊಳ್ಳಿ. ಅವಳು ಮೆಚ್ಚಿದ ಹುಡುಗ ದಾನ್ಸೆನಿಯ ಪತ್ರ ತಲುಪಿಸುತ್ತೇನೆಂದು ವಾಲ್ಮೊಂ ಅವಳಿಂದ ಕೋಣೆಯ ಬೀಗದ ಕೈ ಸಂಪಾದಿಸುತ್ತಾನೆ. ರಾತ್ರಿ ಅದೇ ಕೈಯಿಂದ ಬೀಗ ತೆಗೆದು ಒಳಗೆ ಬರುತ್ತಾನೆ. ಅವಳು ಆಳುಗಳನ್ನು ಕರೆಯಲು ಗಂಟೆಯ ಹಗ್ಗಕ್ಕೆ ಕೈ ಚಾಚುತ್ತಾಳೆ. ಅವನು ತಡೆದು, ನಿನ್ನ ತಾಯಿಗೆ ಏನು ಹೇಳುತ್ತೀ, ಬೀಗದ ಕೈ ನನ್ನ ಹತ್ತಿರ ಹೇಗೆ ಬಂತೆಂದು ಹೇಳುತ್ತೀ ಎಂದು ಕೇಳುತ್ತಾನೆ. ಹುಡುಗಿಯ ಬಾಯಿ ಕಟ್ಟಿಹೋಗುತ್ತದೆ. ಇದು ಮೋಹವಲ್ಲ, ಅತ್ಯಾಚಾರ. ಅವನ ಕೈಯಲ್ಲಿ ಕತ್ತಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ‘ಜನ ಏನೆಂದಾರು’ ಎಂಬ ಭಯವೊಂದೇ ಸಾಕಾಯಿತು.

ಕಿರುಚಲಿಲ್ಲ ಎಂದರೆ ಒಪ್ಪಿದಳು ಎಂದೇ ಅರ್ಥವೆ? ನಮ್ಮ ದೇಶದ ಹೆಣ್ಣುಮಕ್ಕಳು ಈ ಪ್ರಶ್ನೆಯನ್ನು ಬೀದಿಯಲ್ಲಿ ನಿಂತು ಕೇಳಿದ್ದಾರೆ. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯಲ್ಲಿ ಒಬ್ಬ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರ ನಡೆಯಿತು. ಮೈಮೇಲೆ ಗಾಯವಿಲ್ಲ, ಪ್ರತಿಭಟಿಸಿದ ಗುರುತಿಲ್ಲ ಎಂದು ಸುಪ್ರೀಂ ಕೋರ್ಟು ಇಬ್ಬರು ಪೊಲೀಸರನ್ನು ಬಿಟ್ಟುಬಿಟ್ಟಿತು. ಮಥುರಾ ಪ್ರಕರಣವೆಂದು ಹೆಸರಾದದ್ದು ಅದೇ. 1979ರಲ್ಲಿ ನಾಲ್ವರು ಕಾನೂನು ಅಧ್ಯಾಪಕರು ನ್ಯಾಯಾಲಯಕ್ಕೆ ಬಹಿರಂಗ ಪತ್ರ ಬರೆದರು. ಅದರ ಬೆನ್ನಿಗೆ ದೇಶದಾದ್ಯಂತ ಚಳವಳಿ ನಡೆದು 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ದೈಹಿಕವಾಗಿ ಪ್ರತಿಭಟಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿಗೆ ಇತ್ತೆಂದು ತಿಳಿಯಬಾರದು ಎಂಬ ಮಾತು ಕಾನೂನಿನ ಪುಸ್ತಕಕ್ಕೆ ಸೇರಲು 2013ರವರೆಗೆ ಕಾಯಬೇಕಾಯಿತು. ಇನ್ನು ಹದಿನೆಂಟು ತುಂಬದ ಹುಡುಗಿಯಾದರೆ 2012ರ ಪೋಕ್ಸೊ ಕಾಯಿದೆಯ ಪ್ರಕಾರ ಒಪ್ಪಿಗೆಯ ಪ್ರಶ್ನೆಯೇ ಏಳುವುದಿಲ್ಲ. ಸೆಸೀಲಳ ಕೋಣೆಯಲ್ಲಿ ನಡೆದದ್ದಕ್ಕೆ ಹೆಸರಿಡಲು ನಮಗೆ ಇಷ್ಟು ವರ್ಷ ಹಿಡಿಯಿತು.

ಇಂದು ಆ ಬೀಗದ ಕೈ ಮೊಬೈಲಿನಲ್ಲಿದೆ. ನಂಬಿ ಕಳಿಸಿದ ಒಂದು ಫೋಟೊ, ಬರೆದ ನಾಲ್ಕು ಸಾಲು. “ನಿಮ್ಮಪ್ಪನಿಗೆ ತೋರಿಸಲೇ?” ಎಂಬ ಬೆದರಿಕೆ ಮಾತ್ರ ಹಳೆಯದೇ. ಹುಡುಗಿ ಬಾಯಿಬಿಟ್ಟ ದಿನ ಮನೆಯವರು ಮೊದಲು ಕೇಳುವುದು “ನೀನೇಕೆ ಕಳಿಸಿದೆ?” ಎಂದು. ಅವನು ಏಕೆ ಹೆದರಿಸಿದ ಎಂದು ಯಾರೂ ಕೇಳುವುದಿಲ್ಲ.

ಇಲ್ಲಿ ವರದಕ್ಷಿಣೆಯ ಮಾತು ಎಲ್ಲಿ ಬಂತು ಎನ್ನುತ್ತೀರಾ? ಅದು ಈ ಕಥೆಯ ಬೇರಿನಲ್ಲೇ ಇದೆ. ಅಂದಿನ ಫ್ರಾನ್ಸಿನ ದೊಡ್ಡ ಮನೆಗಳಲ್ಲಿ ಮದುವೆಯೆಂದರೆ ಎರಡು ಕುಟುಂಬಗಳ ಆಸ್ತಿಯ ಕರಾರು. ಹೆಣ್ಣಿನ ಜೊತೆ ವರದಕ್ಷಿಣೆ ಹೋಗುತ್ತಿತ್ತು, ಅದರ ಆಡಳಿತ ಗಂಡನ ಕೈಯಲ್ಲಿರುತ್ತಿತ್ತು. ಮಠಕ್ಕೆ ಸೇರಿಸಿದರೆ ಕಡಿಮೆ ಹಣದಲ್ಲಿ ಮುಗಿಯುತ್ತಿದ್ದುದರಿಂದ ಎಷ್ಟೋ ಹೆಣ್ಣುಮಕ್ಕಳನ್ನು ಸನ್ಯಾಸಿನಿಯರನ್ನಾಗಿ ಮಾಡಿಬಿಡುತ್ತಿದ್ದರು. ವಿಚ್ಛೇದನಕ್ಕೆ 1792ರವರೆಗೆ ಅವಕಾಶವೇ ಇರಲಿಲ್ಲ. ಸೆಸೀಲಳನ್ನು ಮಠದಲ್ಲಿ ಬೆಳೆಸಿದ್ದು ಓದು ಕಲಿಸಲು ಅಲ್ಲ, ಮುದ್ರೆ ಒಡೆಯದ ಸರಕನ್ನು ಒಪ್ಪಿಸಲು. ಸರಕು ಎಂದ ಮೇಲೆ ಶತ್ರುವಿಗೂ ದಾರಿ ಸುಲಭ. ಗಂಡಿನ ಮೇಲೆ ಸೇಡು ತೀರಿಸಿಕೊಳ್ಳಲು ಅವನ ಸರಕನ್ನು ಹಾಳುಮಾಡಿದರೆ ಆಯಿತು. ಮನೆತನದ ಮಾನವನ್ನು ಹೆಣ್ಣಿನ ಮೈಯಲ್ಲಿ ಕಟ್ಟಿಟ್ಟವರು ಅವಳನ್ನು ಕಾಪಾಡುವುದಿಲ್ಲ. ಎಲ್ಲಿ ಹೊಡೆಯಬೇಕೆಂದು ಊರಿಗೆಲ್ಲ ತೋರಿಸಿಕೊಟ್ಟಿರುತ್ತಾರೆ.

ತೂರ್ವೆಲಳ ಕಥೆಯಲ್ಲೂ ನಮಗೆ ಗುರುತಿರುವ ಮುಖಗಳಿವೆ. ಅವಳ ಆಳು ತನ್ನನ್ನು ಹಿಂಬಾಲಿಸುತ್ತಿದ್ದಾನೆಂದು ತಿಳಿದೇ ವಾಲ್ಮೊಂ ಒಂದು ಬಡ ಕುಟುಂಬದ ತೆರಿಗೆ ಬಾಕಿ ಕಟ್ಟುತ್ತಾನೆ. ಇದನ್ನು ಕೇಳಿ ಅವಳು ಕರಗುತ್ತಾಳೆ. ಹೆಣ್ಣು ನೋಡಲು ಬಂದವರು “ನಮಗೇನೂ ಬೇಡಿ, ನಿಮ್ಮ ಮಗಳಿಗೆ ನೀವು ಏನು ಹಾಕ್ತೀರೋ ಹಾಕಿ” ಎನ್ನುವ ಸೌಜನ್ಯ ನೆನಪಾಯಿತೆ? ಕೊನೆಗೆ ಅವಳನ್ನು ಬಿಡುವಾಗ ಅವನು ಏನೇ ಕೇಳಿದರೂ ‘ಇದು ನನ್ನ ಕೈಲಿಲ್ಲ’ ಎಂಬರ್ಥದ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಾನೆ. ಹೆಂಡತಿಗೆ ಹೊಡೆದು ಬಂದ ಗಂಡಂದಿರ ಬಾಯಲ್ಲಿ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. “ಕೋಪ ಬಂದ್ರೆ ನನ್ ಕೈಲಿಲ್ಲ ಮೇಡಂ.” ಸಾಹುಕಾರನ ಮುಂದೆ, ಸಾಹೇಬರ ಮುಂದೆ ಎಷ್ಟೇ ಕೋಪ ಬಂದರೂ ಅದು ಅವರ ಕೈಲೇ ಇರುತ್ತದೆ. ಮನೆಯೊಳಗೆ ಮಾತ್ರ ಕೈತಪ್ಪುತ್ತದೆ.

ಇನ್ನು ಮೆರ್ತಯ್. ಈಗಾಗಲೇ ನಿಮ್ಮಲ್ಲಿ ಕೆಲವರು “ಹೆಣ್ಣಿಗೆ ಹೆಣ್ಣೇ ಶತ್ರು” ಎಂದಿರಿ. ವರದಕ್ಷಿಣೆ ಸಾವಿನ ಪ್ರತಿ ಸುದ್ದಿಯ ಹಿಂದೆಯೂ ಈ ಗಾದೆ ಬರುತ್ತದೆ. ಅವಳ ತಪ್ಪನ್ನು ನಾನು ಮುಚ್ಚುವುದಿಲ್ಲ. ಆದರೆ ಅವಳೇ ಹೇಳುವ ತನ್ನ ಕಥೆ ಕೇಳಿ. ಚಿಕ್ಕ ವಯಸ್ಸಿನಲ್ಲೇ ಮುಖದ ಮೇಲೆ ನಗು ಇಟ್ಟುಕೊಂಡು ನೋವು ನುಂಗುವುದನ್ನು ಅಭ್ಯಾಸ ಮಾಡಿದಳು. ಗಂಡ ಸತ್ತ ಮೇಲೆ ಆಸ್ತಿ ಕೈಗೆ ಬಂದು ಸ್ವತಂತ್ರಳಾದಳು. ಆ ಸ್ವಾತಂತ್ರ್ಯ ಉಳಿಸಿಕೊಳ್ಳಲು ಮತ್ತೆ ಮದುವೆಯಾಗಲಿಲ್ಲ. ಹೆಣ್ಣುಕುಲದ ಪರವಾಗಿ ಸೇಡು ತೀರಿಸುತ್ತೇನೆ ಎಂದುಕೊಳ್ಳುತ್ತಾಳೆ, ಆದರೆ ಆ ಸೇಡಿಗೆ ಬಲಿಯಾದವರು ಸೆಸೀಲ್ ಮತ್ತು ತೂರ್ವೆಲ್. ಗಂಡಸರ ಕಟ್ಟಳೆಯನ್ನೇ ಕಲಿತು ಅದರಲ್ಲೇ ಗೆಲ್ಲಲು ಹೊರಟವಳಿಗೆ ಸಿಕ್ಕಿದ್ದು ಬೇರೆ ಹೆಂಗಸರನ್ನು ತುಳಿಯುವ ಅಧಿಕಾರ ಮಾತ್ರ. ಸೊಸೆಯ ಮುಂದೆ ಅತ್ತೆಗೆ ಸಿಗುವ ಅಧಿಕಾರವೂ ಅಂಥದೇ. ಹೊಲದ ಪತ್ರದಲ್ಲಿ ಅವಳ ಹೆಸರಿಲ್ಲ, ಸೊಸೆಯ ಒಡವೆಯ ಮೇಲೆ ಮಾತ್ರ ಅವಳ ದರಬಾರು. ಅಪರಾಧ ಮಾಡಿದ ಅತ್ತೆಗೆ ಶಿಕ್ಷೆ ಆಗಲೇಬೇಕು. ಆದರೆ ಈ ಗಾದೆಯ ನೆರಳಲ್ಲಿ ವರದಕ್ಷಿಣೆಯ ಹಣದಿಂದ ಬೈಕು ಕೊಂಡ ಮಗ, ಲೆಕ್ಕ ಬರೆದ ಮಾವ ತಪ್ಪಿಸಿಕೊಳ್ಳಬಾರದು.

ಕೊನೆಗೆ ಬೆಲೆ ತೆತ್ತವರು ಯಾರು? ಸೆಸೀಲ್ ಗರ್ಭಪಾತವಾಗಿ ಮಠ ಸೇರುತ್ತಾಳೆ. ತೂರ್ವೆಲ್ ಮಠದಲ್ಲೇ ಸಾಯುತ್ತಾಳೆ. ಚಿತ್ರದಲ್ಲಿ ಮೆರ್ತಯಳನ್ನು ನಾಟಕಶಾಲೆಯ ಜನ ಕೂಗಿ ಅವಮಾನಿಸುತ್ತಾರೆ, ಕಾದಂಬರಿಯಲ್ಲಿ ಸಿಡುಬು ಬಂದು ಅವಳ ಮುಖವೂ ಹೋಗುತ್ತದೆ. ವಾಲ್ಮೊಂ ಸಾಯುತ್ತಾನೆ ನಿಜ, ಆದರೆ ಕತ್ತಿ ಹಿಡಿದು, ಪಶ್ಚಾತ್ತಾಪಪಟ್ಟ ವೀರನಂತೆ. ನಮ್ಮದೇ ‘ಘಟಶ್ರಾದ್ಧ’ ನೆನಪಿಸಿಕೊಳ್ಳಿ. ಅನಂತಮೂರ್ತಿಯವರ ಕಥೆಯಿಂದ ಗಿರೀಶ ಕಾಸರವಳ್ಳಿ 1977ರಲ್ಲಿ ಮಾಡಿದ ಚಿತ್ರ. ಬಾಲವಿಧವೆ ಯಮುನಾ ಬಸಿರಾದಾಗ ಕಾರಣನಾದ ಮೇಷ್ಟರು ಊರು ಬಿಡುತ್ತಾನೆ. ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿ ತಲೆ ಬೋಳಿಸಿ ಹೊರಹಾಕುತ್ತಾರೆ. ಅತ್ತ ವಯಸ್ಸಾದ ತಂದೆ ಮತ್ತೊಂದು ಮದುವೆಗೆ ಸಿದ್ಧ. ಪ್ಯಾರಿಸ್ಸಿನ ಅರಮನೆಯಾಗಲಿ, ಮಲೆನಾಡಿನ ಅಗ್ರಹಾರವಾಗಲಿ, ಲೆಕ್ಕ ಚುಕ್ತಾ ಆಗುವುದು ಹೆಣ್ಣಿನ ಖಾತೆಯಲ್ಲೇ.

ಈ ಊರಿನ ಹೆಣ್ಣುಮಗಳೊಬ್ಬಳನ್ನು ನೆನೆಯದೆ ಮಾತು ಮುಗಿಸಲಾರೆ. ಆ ಕಾದಂಬರಿಗೂ ಒಂದು ಶತಮಾನ ಮೊದಲು ಯಳಂದೂರಿನ ಹೊನ್ನಮ್ಮ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹೊರುವ ಊಳಿಗದಲ್ಲಿದ್ದಳು. ಯಳಂದೂರಿನಿಂದಲೇ ಮದುವೆಯಾಗಿ ಹೋದ ರಾಣಿ ದೇವಾಜಮ್ಮಣ್ಣಿಯ ಆಶ್ರಯ ಅವಳಿಗಿತ್ತು. ಅರಮನೆಯ ಒಳಗನ್ನೆಲ್ಲ ಹತ್ತಿರದಿಂದ ಕಂಡ ಕಣ್ಣು ಅದು. ಅವಳ ‘ಹದಿಬದೆಯ ಧರ್ಮ’ ಪತಿವ್ರತೆಯ ನಡತೆಯನ್ನು ಬೋಧಿಸುವ ಕಾವ್ಯ. ಆ ಬೋಧನೆಯನ್ನು ಇಂದು ನಾವು ಒಪ್ಪಬೇಕಿಲ್ಲ. ಆದರೆ ಅದೇ ಕಾವ್ಯದಲ್ಲಿ ಅವಳು ನಿಂತು, ಹಡೆದ ತಾಯಿಯೂ ಸಾಕಿದವಳೂ ಹೆಣ್ಣೇ ಆಗಿರುವಾಗ ಹೆಣ್ಣೆಂದು ಹೀಗಳೆಯುವವರಿಗೆ ಕಣ್ಣಿಲ್ಲವೆಂದು ಗದರುತ್ತಾಳೆ. ಮೆರ್ತಯಳಂತೆ ಅವಳೂ ಗಂಡಸರ ಲೋಕದೊಳಗೇ ಇದ್ದಳು. ಸಿಕ್ಕ ಮಾತನ್ನು ಇನ್ನೊಬ್ಬ ಹೆಣ್ಣನ್ನು ಬೀಳಿಸಲು ಬಳಸಲಿಲ್ಲ, ಹುಟ್ಟಲಿರುವ ಹೆಣ್ಣುಕೂಸಿನ ಪರವಾಗಿ ಬಳಸಿದಳು.

ಆದ್ದರಿಂದ ಗೆಳತಿಯರೆ, ಮನೆಗೆ ಹೋಗಿ ಈ ಕಥೆಯನ್ನು ಮಗಳಿಗೂ ಮಗನಿಗೂ ಹೇಳಿ. ಮದುವೆಯಾಗುವ ಉದ್ದೇಶವಿಲ್ಲದೆ ಆಸೆ ತೋರಿಸಿ ದೇಹಸಂಬಂಧ ಬೆಳೆಸುವುದು 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಮಿನಲ್ಲಿ ಅಪರಾಧ. ನಾವು 498ಎ ಎನ್ನುತ್ತಿದ್ದುದು ಈಗ 85ನೇ ಕಲಮು, ವರದಕ್ಷಿಣೆ ಸಾವಿನದು 80ನೇ ಕಲಮು. 2005ರ ಕೌಟುಂಬಿಕ ಹಿಂಸೆ ಕಾಯಿದೆಯಡಿ ದೂರು ಕೊಡಲು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098. ಈ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ.

ಕಾನೂನಿಗಿಂತ ಮೊದಲು ಮನೆಯಲ್ಲಿ ಆಗಬೇಕಾದ ಕೆಲಸ ಒಂದಿದೆ. ಅಂದು ರಾತ್ರಿ ಸೆಸೀಲ್ ಗಂಟೆ ಬಾರಿಸದೆ ಇದ್ದದ್ದು ತಾಯಿ ತನ್ನನ್ನೇ ಬೈಯುತ್ತಾಳೆಂಬ ಭಯದಿಂದ. ಏನೇ ಆಗಿದ್ದರೂ ಬಂದು ಹೇಳು, ನಿನ್ನನ್ನು ಬೈಯುವುದಿಲ್ಲ ಎಂದು ನಿಮ್ಮ ಮಗಳಿಗೆ ಇಂದೇ ಹೇಳಿ. ವಾಲ್ಮೊಂನ ಕೈಯಲ್ಲಿದ್ದ ಬೀಗದ ಕೈ ಆ ದಿನವೇ ಕೆಲಸಕ್ಕೆ ಬಾರದ್ದಾಗುತ್ತದೆ.