ಗಾಜು ತೊಳೆಯುವ ನೀರು ಎಲ್ಲಿ ಸೋರುತ್ತದೆ?

(ಸಂಘದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾವು ಕಾರಿನ ವಿಷಯ ಮಾತನಾಡುತ್ತೇವೆಂದು ಕೇಳಿ ಕೆಲವರು ಆಗಲೇ ನಕ್ಕದ್ದಾಯಿತು. ತಟ್ಟೆ ಲೋಟ ಎತ್ತಿದವರಿಗೆ ಕಾರೇನು ಗೊತ್ತು ಎಂದು. ನಿಜ, ನಾವು ಏಳನೇ ಇಯತ್ತೆ ಓದಿ, ಹನ್ನೊಂದು ವರ್ಷ ಹೋಟೆಲಿನ ಬಾಯ್ಲರಿನ ಮುಂದೆ ನಿಂತವರು. ಆದರೆ ಇಂದು ನಮ್ಮ ಸದಸ್ಯರಲ್ಲಿ ಟ್ಯಾಕ್ಸಿ ಹಿಡಿದವರು ಕಡಿಮೆಯಿಲ್ಲ. ಹಗಲು ಕೌಂಟರಿನಲ್ಲಿ ದುಡಿದು ರಾತ್ರಿ ಬಾಡಿಗೆ ಗಾಡಿ ಓಡಿಸುವವರಿದ್ದಾರೆ. ಗಿರಣಿ ಮುಚ್ಚಿದ ಮೇಲೆ ಸ್ಟಿಯರಿಂಗ್ ಹಿಡಿದವರ ಮಕ್ಕಳೂ ಅದೇ ಕೆಲಸದಲ್ಲಿದ್ದಾರೆ. ಹಳೆಯ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರದಲ್ಲಿ ಮುಂಬಯಿಯ ರಸ್ತೆ ಬಿಟ್ಟು ಹೋದವು. ಈಗಿನ ಗಾಡಿಗಳಲ್ಲಿ ಪ್ಲಾಸ್ಟಿಕ್ ಹೆಚ್ಚು. ಅದರೊಳಗೆ ಕೈಹಾಕಲು ನಮ್ಮವರಿಗೆ ಅಂಜಿಕೆಯೂ ಹೆಚ್ಚು. ಆ ಅಂಜಿಕೆಗೆ ಎಷ್ಟು ಬೆಲೆ ತೆರುತ್ತೇವೆಂದು ಹೇಳುವುದಕ್ಕೇ ಎದ್ದು ನಿಂತಿದ್ದೇವೆ.

ಕಳೆದ ಮಳೆಗಾಲದಲ್ಲಿ ನಾವು ಐದು ಮಂದಿ ಸಂಘದ ಕೆಲಸಕ್ಕೆ ಪುಣೆಗೆ ಹೋಗಿ ರಾತ್ರಿ ಮರಳುತ್ತಿದ್ದೆವು. ಗಾಡಿ ನಮ್ಮ ಹುಡುಗನೊಬ್ಬನದು, ಓಡಿಸುತ್ತಿದ್ದವನೂ ಅವನೇ. ಹಳೆಯ ರಸ್ತೆಯಲ್ಲಿ ಖಂಡಾಲಾ ಘಾಟಿ ಇಳಿಯುವಾಗ ಮಳೆ ನಿಂತಿತ್ತು, ರಸ್ತೆ ಮಾತ್ರ ಹಸಿ. ಮುಂದಿದ್ದ ಲಾರಿಯ ಚಕ್ರ ಕೆಸರುನೀರನ್ನೆತ್ತಿ ನಮ್ಮ ಗಾಜಿಗೆ ಎರಚಿತು. ವೈಪರ್ ಆಡಿಸಿದರೆ ಗಾಜಿಗೆ ಸಗಣಿ ಸಾರಿಸಿದ ಹಾಗಾಯಿತು. ನೀರು ಚಿಮ್ಮಿಸುವ ಕಡ್ಡಿ ಎಳೆದ. ಮೋಟಾರು ಗುಂಯ್ಯೆಂದಿತು, ನೀರು ಬರಲಿಲ್ಲ. ಎದುರು ಗಾಡಿಯ ದೀಪ ಬಿದ್ದು ಗಾಜೆಲ್ಲ ಬಿಳಿಯ ಗೋಡೆ. ಅವನು ಕಿಟಕಿಯಿಂದ ತಲೆ ಹೊರಗಿಟ್ಟು ಗಾಡಿಯನ್ನು ಬದಿಗೆ ತಂದು ನಿಲ್ಲಿಸುವ ತನಕ ನಮ್ಮಲ್ಲಿ ಯಾರೂ ಉಸಿರೆತ್ತಲಿಲ್ಲ. ಅವನ ಮಗಳಿಗೆ ಆಗ ನಾಲ್ಕು ತಿಂಗಳು.

ಸೋಜಿಗವೆಂದರೆ ತೊಟ್ಟಿಗೆ ಅಂದು ಬೆಳಿಗ್ಗೆಯಷ್ಟೇ ನೀರು ತುಂಬಿದ್ದ. ಎರಡು ವಾರ ಮೊದಲು, ನೀರು ಬೇಗ ಖಾಲಿಯಾಗುತ್ತದೆಂದು ಗ್ಯಾರೇಜಿಗೆ ಒಯ್ದಾಗ, ಅಲ್ಲಿನವರು ತೊಟ್ಟಿಯನ್ನೂ ಪಂಪನ್ನೂ ಹೊಸತು ಹಾಕಿ ಅವನ ಮೂರು ದಿನದ ಸಂಪಾದನೆ ಎಣಿಸಿಕೊಂಡಿದ್ದರು. ಮರುದಿನ ನಾವೇ ಬಾನೆಟ್ ಎತ್ತಿ ನೋಡಿದೆವು. ಬಾನೆಟ್ಟಿನ ಕೀಲಿನ ಹತ್ತಿರ, ತೆರೆದು ಮುಚ್ಚುವಾಗ ಮಡಚುವ ಜಾಗದಲ್ಲಿ, ರಬ್ಬರ್ ನಳಿಗೆ ಸೀಳಿ ತುಂಡಾಗಿತ್ತು. ಹೊಸ ಪಂಪು ನೀರನ್ನೆಲ್ಲ ಎಂಜಿನ್ನಿನ ಮೇಲೆ ಸುರಿಯುತ್ತಿತ್ತು.

ಹೋಟೆಲಿನಲ್ಲಿ ಬಾಯ್ಲರಿನ ನಲ್ಲಿ ಸೋರಿದರೆ ನಾವು ಬಾಯ್ಲರು ಬದಲಿಸುತ್ತೇವೆಯೇ? ರಬ್ಬರ್ ಬಿಲ್ಲೆ ಬದಲಿಸುತ್ತೇವೆ. ಇಲ್ಲಿಯೂ ಅಷ್ಟೇ. ಒಂದು ಪ್ಲಾಸ್ಟಿಕ್ ತೊಟ್ಟಿ, ಅದರ ಬುಡದಲ್ಲಿ ಗ್ರಾಮೆಟ್ ಎಂಬ ರಬ್ಬರ್ ಬಳೆ, ಆ ಬಳೆಯೊಳಗೆ ಒತ್ತಿ ಕೂರಿಸಿದ ಚಿಕ್ಕ ಕರೆಂಟಿನ ಪಂಪು, ಅಲ್ಲಿಂದ ಬೆರಳಿಗಿಂತ ಸಪೂರದ ನಳಿಗೆ, ಅದು ಎರಡಾಗಿ ಒಡೆಯುವಲ್ಲಿ ಒಂದು ಕವಲು, ಕೊನೆಗೆ ಗಾಜಿನತ್ತ ಚಿಮ್ಮುವ ಮೂತಿಗಳು. ಇಷ್ಟೇ ಸರಂಜಾಮು. ಇದಿಷ್ಟನ್ನೂ ಸೇರಿಸಿ ಕಾರಿನವರು ವಾಶರ್ ಎನ್ನುತ್ತಾರೆ. ನಮಗೆ ವಾಶರ್ ಎಂದರೆ ನಲ್ಲಿಯ ಬಿಲ್ಲೆ. ಅಂಗಡಿಗೆ ಹೋಗಿ ಬರಿದೆ ವಾಶರ್ ಕೊಡಿ ಎಂದರೆ ಏನು ಕೈಗೆ ಬರುತ್ತದೋ ದೇವರೇ ಬಲ್ಲ. ಪಂಪಿನ ಗ್ರಾಮೆಟ್ ಎಂದು ಕೇಳಿ, ಹಳೆಯದನ್ನೂ ಒಯ್ದು ತೋರಿಸಿ.

ಸೋರುವುದು ಎರಡು ಬಗೆ. ಗಾಡಿ ಸುಮ್ಮನೆ ನಿಂತಾಗಲೇ ಸೋರಿದರೆ ತೊಟ್ಟಿ, ಗ್ರಾಮೆಟ್, ಪಂಪಿನ ಮೈ, ಇಲ್ಲವೇ ನೀರಿನ ಮಟ್ಟಕ್ಕಿಂತ ಕೆಳಗಿರುವ ನಳಿಗೆ. ಕಡ್ಡಿ ಎಳೆದಾಗ ಮಾತ್ರ ಸೋರಿದರೆ ಪಂಪಿನ ಆಚೆಗೆ, ಮೇಲಿನ ನಳಿಗೆ ಅಥವಾ ಕವಲು. ಇದನ್ನು ಕಂಡುಹಿಡಿಯಲು ತೊಟ್ಟಿಯ ನೀರಿಗೆ ಜಿಲೇಬಿಗೆ ಹಾಕುವ ಬಣ್ಣ ಒಂದು ಚಿಟಿಕೆ ಹಾಕಿ, ಗಾಡಿಯ ಕೆಳಗೆ ಹಳೆಯ ಪೇಪರು ಹಾಸಿ. ಏಸಿ ಇರುವ ಗಾಡಿಯಿಂದ ಶುದ್ಧ ನೀರು ತೊಟ್ಟಿಕ್ಕುವುದು ಸಹಜ, ಅದನ್ನು ನೋಡಿ ಹೆದರಬೇಡಿ. ಹಸಿರೋ ಗುಲಾಬಿಯೋ ಬಣ್ಣದ ಜಾರುವ ನೀರಾದರೆ ಅದು ರೇಡಿಯೇಟರಿನದು, ಬೇರೆಯೇ ರೋಗ. ನಿಮ್ಮ ಜಿಲೇಬಿಯ ಬಣ್ಣ ಪೇಪರಿನ ಮೇಲೆ ಬಿದ್ದಲ್ಲಿಂದ ಮೇಲಕ್ಕೆ ಹುಡುಕುತ್ತ ಹೋಗಿ. ನೀರು ಸೋರಿದಲ್ಲೇ ಬೀಳುವುದಿಲ್ಲ, ತಗಡಿನ ಅಂಚು ಹಿಡಿದು ಹರಿದು ಇನ್ನೆಲ್ಲೋ ಬೀಳುತ್ತದೆ.

ಕೈಹಾಕುವ ಮೊದಲು ಎಂಜಿನ್ ಆರಿಸಿ ತಣಿಯಲು ಬಿಡಿ. ಬಿಸಿ ಇದ್ದಾಗ ರೇಡಿಯೇಟರಿನ ಫ್ಯಾನು ತಾನಾಗಿ ತಿರುಗಬಹುದು, ಬೆರಳು ಹೋದೀತು. ಬಹಳ ಗಾಡಿಗಳಲ್ಲಿ ತೊಟ್ಟಿಯ ಬುಡ ಮುಂದಿನ ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆಯ ಹಿಂದೆ ಇರುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಹೊದಿಕೆಯ ಕೆಲವು ಗುಬ್ಬಿಗಳನ್ನು ಬಿಚ್ಚಿದರೆ ಕೈ ಹೋಗುತ್ತದೆ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಮಾತ್ರ ಯಾರೂ ನುಸುಳಬಾರದು. ಇದನ್ನು ನಾವು ಬೇಡಿಕೊಂಡು ಹೇಳುತ್ತೇವೆ.

ಗ್ರಾಮೆಟ್ ಗಟ್ಟಿಯಾಗಿ ಬಿರಿದಿದ್ದರೆ ಹೊಸತು ಹಾಕಿ. ಸೋಪಿನ ನೀರು ಸವರಿದರೆ ಪಂಪು ಸಲೀಸಾಗಿ ಕೂರುತ್ತದೆ. ಎಣ್ಣೆ ಸವರಬೇಡಿ, ರಬ್ಬರ್ ಉಬ್ಬುತ್ತದೆ. ನಳಿಗೆಯ ತುದಿ ಸೀಳಿದ್ದರೆ ಸೀಳಿದಷ್ಟನ್ನು ಕತ್ತರಿಸಿ, ಬಿಸಿನೀರಿನಲ್ಲಿ ಅದ್ದಿ ಮತ್ತೆ ಸಿಕ್ಕಿಸಿ. ನಡುವೆ ಸೀಳಿದ್ದರೆ ಒಂದು ಚಿಕ್ಕ ಜೋಡಣೆ ಕೊಳವೆ ಸಾಕು. ಟೇಪು ಸುತ್ತುವುದು ಎರಡು ದಿನದ ಮಾತು. ತೊಟ್ಟಿಯೇ ಒಡೆದಿದ್ದರೆ ಅಂಟು ನಂಬಬೇಡಿ, ಆ ಪ್ಲಾಸ್ಟಿಕ್ಕಿಗೆ ಅದು ಹಿಡಿಯುವುದಿಲ್ಲ. ಕಾದ ಕಬ್ಬಿಣದಿಂದ ಕರಗಿಸಿ ಬೆಸೆದರೆ ಕೆಲವು ಕಾಲ ನಡೆದೀತು. ಕೊನೆಗೆ ಬೇರೆ ತೊಟ್ಟಿಯೇ ಗತಿ.

ಒಂದು ಮಾತು ಬಿಟ್ಟೆವು. ನೀರು ಬಾರದಾಗ ಕಡ್ಡಿ ಎಳೆಯುತ್ತಲೇ ಇರಬೇಡಿ, ಖಾಲಿ ಓಡಿದ ಪಂಪು ಸುಡುತ್ತದೆ. ಬೋರಿನ ಗಡುಸು ನೀರು ಹಾಕಿದರೆ ಮೂತಿಯಲ್ಲಿ ಸುಣ್ಣ ಕಟ್ಟುತ್ತದೆ. ಕಟ್ಟಿದರೆ ಸಪೂರ ಸೂಜಿಯಿಂದ ಮೆಲ್ಲಗೆ ಬಿಡಿಸಿ.

ಆ ಹುಡುಗನ ಗಾಡಿ ಈಗ ಕೆಳಗೆ ಗಲ್ಲಿಯಲ್ಲಿ ನಿಂತಿದೆ. ಬಾನೆಟ್ ಎತ್ತಿಟ್ಟಿದ್ದೇವೆ, ನಾವು ಜೋಡಿಸಿದ ನಳಿಗೆಯನ್ನು ನೋಡಬಹುದು. ಚಹಾ ಕುಡಿದು ಎಲ್ಲರೂ ಇಳಿದು ಬನ್ನಿ. ನಿಮ್ಮ ಗಾಡಿ ತಂದವರು ಅದರ ಪಕ್ಕದಲ್ಲೇ ನಿಲ್ಲಿಸಿ. ಪೇಪರು, ಜಿಲೇಬಿ ಬಣ್ಣ ಎರಡೂ ನಮ್ಮಲ್ಲಿವೆ.