ಎರಡು ನಡೆಯಲ್ಲಿ ಮಾತ್



ಇವತ್ತಿನ ಮಾತು ಚದುರಂಗದ ಬಗ್ಗೆ. ಇಡೀ ಆಟದ ಬಗ್ಗೆ ಅಲ್ಲ, ಅದರ ಒಂದು ಚಿಕ್ಕ ತುಣುಕಿನ ಬಗ್ಗೆ. ಪತ್ರಿಕೆಯ ಮೂಲೆಯಲ್ಲಿ ನೀವು ನೋಡಿರಬಹುದು. ಒಂದು ಪುಟ್ಟ ಮಣೆಯ ಚಿತ್ರ, ಅದರಲ್ಲಿ ಹತ್ತಕ್ಕಿಂತ ಕಡಿಮೆ ಕಾಯಿಗಳು, ಕೆಳಗೆ ಒಂದೇ ಸಾಲು: ‘ಬಿಳಿಯ ಸರದಿ, ಎರಡು ನಡೆಯಲ್ಲಿ ಮಾತ್’. ಅಂದರೆ ಬಿಳಿ ಒಂದು ನಡೆ ಇಡಬೇಕು, ಕಪ್ಪು ತನಗೆ ತೋಚಿದ ಉತ್ತರ ಕೊಡಬಹುದು, ಆ ಉತ್ತರ ಯಾವುದೇ ಆಗಿರಲಿ, ಬಿಳಿಯ ಎರಡನೇ ನಡೆಗೆ ಕಪ್ಪು ರಾಜ ಸೆರೆಯಾಗಬೇಕು.

ಈ ಊರಿಗೆ ಹೇಳಿ ಮಾಡಿಸಿದಂಥ ಹವ್ಯಾಸ ಇದು. ಬೊರಿವಲಿಯಿಂದ ಚರ್ಚ್‌ಗೇಟ್, ಡೊಂಬಿವಲಿಯಿಂದ ಸಿ.ಎಸ್.ಎಂ.ಟಿ. ಅಂತ ದಿನಾ ಓಡಾಡುವವರಿಗೆ ಮಣೆ ಹರಡಿ ಕೂರುವ ಪುರುಸೊತ್ತು ಎಲ್ಲಿದೆ? ಸಮಸ್ಯೆಗೆ ಮಣೆ ಬೇಡ, ಎದುರಾಳಿಯೂ ಬೇಡ. ಲೋಕಲ್‌ನಲ್ಲಿ ನಿಲ್ಲಲು ಜಾಗ ಸಿಕ್ಕರೆ ಸಾಕು, ತಲೆಯೊಳಗೇ ಬಿಡಿಸಬಹುದು.

ಬಿಡಿಸುವುದು ಹೇಗೆ? ಮಣೆ ಇದ್ದರೆ ಮುಂದಿಟ್ಟುಕೊಳ್ಳಿ, ಇಲ್ಲದಿದ್ದರೆ ಒಂದು ಹಾಳೆ, ಪೆನ್ಸಿಲ್ ಸಾಕು. ಬಿಳಿಯ ಕಡೆ ಕೂತರೆ ಎಡದಿಂದ ಬಲಕ್ಕೆ ಎ, ಬಿ, ಸಿ ಅಂತ ಎಚ್‌ವರೆಗೆ ಎಂಟು ಸಾಲು; ನಮ್ಮ ಕಡೆಯಿಂದ ಎದುರಾಳಿಯ ಕಡೆಗೆ 1ರಿಂದ 8. ಹೀಗೆ 64 ಮನೆಗಳಲ್ಲಿ ಪ್ರತಿಯೊಂದಕ್ಕೂ ಒಂದು ವಿಳಾಸ ಸಿಕ್ಕಿತು.

ಮೊದಲು ಒಂದೇ ನಡೆಯ ಲೆಕ್ಕ. ಕಪ್ಪು ರಾಜ ಜಿ-8ರಲ್ಲಿ. ಅವನ ಮುಂದೆ ಎಫ್-7, ಜಿ-7, ಎಚ್-7ರಲ್ಲಿ ಅವನವೇ ಮೂರು ಕಾಲಾಳುಗಳು. ಬಿಳಿ ರಾಜ ಜಿ-1ರಲ್ಲಿ, ಬಿಳಿ ಆನೆ ಇ-1ರಲ್ಲಿ. ಆನೆ ನೇರವಾಗಿ ಇ-8ಕ್ಕೆ ಹೋದರೆ ಮಾತ್. ರಾಜನನ್ನು ಕಾಯಬೇಕಾದ ಸಿಪಾಯಿಗಳೇ ಅವನ ದಾರಿಗೆ ಗೋಡೆಯಾದರು. ಈಗ ಎಚ್-7ರ ಕಾಲಾಳನ್ನು ಒಂದು ಮನೆ ಮುಂದೆ, ಎಚ್-6ರಲ್ಲಿ ಇಟ್ಟು ನೋಡಿ. ಅದೇ ಆನೆ, ಅದೇ ನಡೆ, ಆದರೆ ರಾಜ ಎಚ್-7ಕ್ಕೆ ಜಾರಿಕೊಳ್ಳುತ್ತಾನೆ. ಹಾಗಾಗಿ ಮೊದಲ ಪಾಠ ಇಷ್ಟು: ಶಹ ಕೊಡುವ ದಾರಿ ಹುಡುಕುವ ಮೊದಲು ರಾಜ ಓಡಿಹೋಗುವ ಮನೆಗಳನ್ನು ಎಣಿಸಿ.

ಇನ್ನು ಎರಡು ನಡೆಯ ಸಮಸ್ಯೆ. ಇದು ಅಮೆರಿಕದ ಪಾಲ್ ಮಾರ್ಫಿಯದು. ನ್ಯೂ ಆರ್ಲಿಯನ್ಸ್‌ನಲ್ಲಿ 1837ರಲ್ಲಿ ಹುಟ್ಟಿದ ಮಾರ್ಫಿ ತನ್ನ ಕಾಲದ ಅತ್ಯಂತ ಬಲಿಷ್ಠ ಆಟಗಾರನೆನಿಸಿಕೊಂಡವನು. ಈ ಸಮಸ್ಯೆ 1856ರಲ್ಲಿ ಅಚ್ಚಾದಾಗ ಅವನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಇದರಲ್ಲಿರುವುದು ಏಳೇ ಕಾಯಿಗಳು, ಬರೆದುಕೊಳ್ಳಿ. ಬಿಳಿ: ರಾಜ ಸಿ-8, ಆನೆ ಎ-1, ಕಾಲಾಳು ಬಿ-6. ಕಪ್ಪು: ರಾಜ ಎ-8ರ ಮೂಲೆಯಲ್ಲಿ, ಒಂಟೆ ಬಿ-8, ಕಾಲಾಳುಗಳು ಎ-7 ಮತ್ತು ಬಿ-7. ಬಿಳಿಯ ಸರದಿ, ಎರಡು ನಡೆಯಲ್ಲಿ ಮಾತ್.

ನಮ್ಮ ಕೈ ಮೊದಲು ಎಲ್ಲಿಗೆ ಹೋಗುತ್ತದೆ? ಆನೆಯಿಂದ ಎ-7ರ ಕಾಲಾಳನ್ನು ಹೊಡೆದು ಶಹ ಕೊಡೋಣ ಅನ್ನಿಸುತ್ತದೆ. ಆದರೆ ಒಂಟೆ ಆನೆಯನ್ನು ಹೊಡೆದುಬಿಡುತ್ತದೆ, ಅಲ್ಲಿಗೆ ಕತೆ ಮುಗಿಯಿತು. ಬಿ-6ರ ಕಾಲಾಳಿನಿಂದ ಎ-7 ಹೊಡೆದರೂ ಒಂಟೆ ಅದನ್ನು ತಿನ್ನುತ್ತದೆ.

ಈಗ ಸ್ವಲ್ಪ ನಿಂತು, ಮಣೆಯ ಆಚೆ ಬದಿಗೆ ಹೋಗಿ ಕೂತು ನೋಡಿ. ಇದು ಕಪ್ಪಿನ ಸರದಿ ಎಂದೇ ಇಟ್ಟುಕೊಳ್ಳೋಣ. ಅದರ ಒಂಟೆ ಬಿ-8 ಬಿಟ್ಟು ಎಲ್ಲಿಗೆ ಹೋದರೂ ಆನೆ ಎ-7ರಲ್ಲಿ ಹೊಡೆದು ಮಾತ್ ಮಾಡುತ್ತದೆ. ಬಿ-7ರ ಕಾಲಾಳು ಕದಲುವ ಹಾಗಿಲ್ಲ, ಮುಂದೆ ಬಿಳಿ ಕಾಲಾಳು ಅಡ್ಡ ನಿಂತಿದೆ. ಎ-7ರ ಕಾಲಾಳು ಬಿ-6ರಲ್ಲಿ ಹೊಡೆಯುವಂತಿಲ್ಲ, ಹೊಡೆದರೆ ರಾಜ ಆನೆಯ ಬಾಯಿಗೆ ಸಿಗುತ್ತಾನೆ. ಆದರೆ ಅದೇ ಕಾಲಾಳು ನೇರವಾಗಿ ಎ-6ಕ್ಕೋ ಎ-5ಕ್ಕೋ ಹೋಗಬಹುದು, ಆಗ ನಮ್ಮ ಹತ್ತಿರ ಉತ್ತರವಿಲ್ಲ. ಅಂದರೆ ಕಪ್ಪಿನ ಹತ್ತಿರ ಉಳಿದಿರುವ ಒಳ್ಳೆಯ ದಾರಿ ಒಂದೇ. ಆ ದಾರಿ ಮುಚ್ಚುವುದೇ ನಮ್ಮ ಕೆಲಸ.

ಉತ್ತರ ಈಗ ತಾನಾಗಿ ಹೊಳೆಯುತ್ತದೆ: ಆನೆ ಎ-6ಕ್ಕೆ. ಶಹವಿಲ್ಲ, ಹೊಡೆತವಿಲ್ಲ, ಮೇಲುನೋಟಕ್ಕೆ ಆನೆಯನ್ನು ಸುಮ್ಮನೆ ದಾನ ಮಾಡಿದಂತಿದೆ. ಕಪ್ಪು ಬಿ-7ರ ಕಾಲಾಳಿನಿಂದ ಆನೆಯನ್ನು ಹೊಡೆದರೆ ನಮ್ಮ ಕಾಲಾಳು ಬಿ-7ಕ್ಕೆ ಹೆಜ್ಜೆಯಿಟ್ಟು ಮಾತ್. ಹೊಡೆಯದೆ ಒಂಟೆಯನ್ನು ಕದಲಿಸಿದರೆ ಆನೆ ಎ-7ರಲ್ಲಿ ಹೊಡೆದು ಮಾತ್. ಮೂರನೆಯ ನಡೆ ಕಪ್ಪಿಗೆ ಇಲ್ಲವೇ ಇಲ್ಲ. ನಡೆಯದೆ ಸುಮ್ಮನಿರೋಣ ಅಂದರೆ ಚದುರಂಗದಲ್ಲಿ ಅದಕ್ಕೆ ಅವಕಾಶವೂ ಇಲ್ಲ.

ಇದರಲ್ಲಿ ಒಂದು ವಿಷಯ ಗಮನಿಸಬೇಕು. ‘ಆನೆ ಎ-6’ ಅಂತ ಹೇಳಿದವನು ಇನ್ನೂ ಸಮಸ್ಯೆ ಬಿಡಿಸಿದಂತಲ್ಲ. ಕಪ್ಪಿನ ಪ್ರತಿಯೊಂದು ಉತ್ತರಕ್ಕೂ ಮರುತ್ತರ ಹೇಳಿದಾಗಲೇ ಬಿಡಿಸಿದ ಹಾಗೆ. ಎದುರಾಳಿ ನಮಗೆ ಅನುಕೂಲವಾದ ತಪ್ಪನ್ನೇ ಮಾಡುತ್ತಾನೆ ಅಂದುಕೊಳ್ಳುವ ಹಕ್ಕು ನಮಗಿಲ್ಲ. ಅವನ ಜಾಗದಲ್ಲಿ ಕೂತು, ಅವನಿಗಾಗಿ ಅತ್ಯುತ್ತಮ ನಡೆ ಹುಡುಕಿ, ಅದಕ್ಕೂ ಉತ್ತರ ಇದೆಯೇ ಅಂತ ನಮ್ಮನ್ನೇ ಕೇಳಿಕೊಳ್ಳಬೇಕು. ನನ್ನ ಮಟ್ಟಿಗೆ ಈ ಪುಟ್ಟ ಆಟದ ನಿಜವಾದ ಬೆಲೆ ಇರುವುದು ಅಲ್ಲಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. 2024ರ ಡಿಸೆಂಬರಿನಲ್ಲಿ ಚೆನ್ನೈನ ಗುಕೇಶ್ ಹದಿನೆಂಟನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದರು. ನಮ್ಮ ಮಕ್ಕಳೂ ಚೆಸ್ ಕಲಿಯಲಿ ಅಂತ ಆಸೆಪಡುವ ತಂದೆತಾಯಿಗಳು ಈ ನಗರದಲ್ಲಿ ಬಹಳ. ಸಂತೋಷವೇ. ಆದರೆ ಫೋನಿನ ಪರದೆಯ ಮೇಲೆ ಸಮಸ್ಯೆ ಬಿಡಿಸುವ ಮಗುವನ್ನು ಸ್ವಲ್ಪ ಗಮನಿಸಿ. ಒಂದು ನಡೆ ಒತ್ತುತ್ತದೆ, ಕೆಂಪು ಗುರುತು, ಇನ್ನೊಂದು ಒತ್ತುತ್ತದೆ, ಹಸಿರು ಗುರುತು, ಮುಂದಿನದಕ್ಕೆ ಓಡುತ್ತದೆ. ಎಷ್ಟು ಬಿಡಿಸಿದೆ ಅಂತ ಕೇಳಿದರೆ ಐವತ್ತು ಅನ್ನುತ್ತದೆ. ಅದರಲ್ಲಿ ಊಹೆ ಎಷ್ಟು, ಯೋಚನೆ ಎಷ್ಟು? ಮಗುವಿನ ಹತ್ತಿರ ಲೆಕ್ಕ ಕೇಳಬೇಡಿ. ‘ಕಪ್ಪು ಹೀಗೆ ನಡೆದಿದ್ದರೆ ಏನು ಮಾಡುತ್ತಿದ್ದೆ, ಪುಟ್ಟಾ?’ ಅಂತ ಒಂದೇ ಪ್ರಶ್ನೆ ಕೇಳಿ. ಅಂದಾಜಿನಲ್ಲಿ ಬಿಡಿಸಿದ ಐವತ್ತಕ್ಕಿಂತ ಪೂರ್ತಿ ವಿವರಿಸಬಲ್ಲ ಐದು ಮೇಲು.

ಸಮಸ್ಯೆ ಬಿಡಿಸುತ್ತಲೇ ಬೆಳೆದ ಹುಡುಗನೊಬ್ಬನ ಕತೆಯನ್ನು ಇಲ್ಲಿ ನೆನೆಯಬೇಕು. ವಿಶ್ವನಾಥನ್ ಆನಂದ್ ಚಿಕ್ಕವರಿದ್ದಾಗ ತಂದೆಯ ಕೆಲಸದ ನಿಮಿತ್ತ ಕುಟುಂಬ ಫಿಲಿಪ್ಪೀನ್ಸ್‌ನ ಮನಿಲಾದಲ್ಲಿತ್ತು. ಅಲ್ಲಿನ ಟೀವಿಯಲ್ಲಿ ಮಧ್ಯಾಹ್ನದ ಹೊತ್ತು ಒಂದು ಚೆಸ್ ಕಾರ್ಯಕ್ರಮ ಬರುತ್ತಿತ್ತು, ಅದರಲ್ಲಿ ವೀಕ್ಷಕರಿಗೆ ಒಂದು ಸಮಸ್ಯೆ. ಮಗ ಶಾಲೆಯಲ್ಲಿ. ತಾಯಿ ಸುಶೀಲಾ ಅವರು ಟೀವಿಯ ಮುಂದೆ ಕೂತು ಕಾಯಿಗಳ ಸ್ಥಾನ ಬರೆದಿಡುತ್ತಿದ್ದರು. ಸಂಜೆ ಅಮ್ಮ, ಮಗ ಇಬ್ಬರೂ ಸೇರಿ ಬಿಡಿಸಿ ಉತ್ತರ ಕಳಿಸುತ್ತಿದ್ದರು. ಬಹುಮಾನ ಒಂದು ಪುಸ್ತಕ. ಹುಡುಗ ಎಷ್ಟು ಸಲ ಗೆದ್ದನೆಂದರೆ, ಬೇಕಾದಷ್ಟು ಪುಸ್ತಕ ತೆಗೆದುಕೊಂಡು ಹೋಗು, ಇನ್ನು ಮೇಲೆ ಉತ್ತರ ಕಳಿಸಬೇಡ ಅಂತ ಕಾರ್ಯಕ್ರಮದವರೇ ಹೇಳಿದರಂತೆ. ಇದನ್ನು ಆನಂದ್ ಅವರೇ ಹೇಳಿಕೊಂಡಿದ್ದಾರೆ. 1988ರಲ್ಲಿ ಅವರು ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಆ ಸಾಧನೆಯ ಹಿಂದೆ ಅಮ್ಮ ಹಾಳೆಯ ಮೇಲೆ ಇಳಿಸಿಕೊಂಡ ಆ ಸಮಸ್ಯೆಗಳೂ ಇವೆ.

ಸಮಸ್ಯೆ ಕಟ್ಟುವ, ಬಿಡಿಸುವ ಗೀಳು ನಮ್ಮವರಿಗೆ ಹೊರಗಿನಿಂದ ಬಂದದ್ದೇನೂ ಅಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳ ಮಹಾ ರಸಿಕರು. ಅವರ ‘ಶ್ರೀತತ್ತ್ವನಿಧಿ’ಯಲ್ಲಿ ಆಟಗಳಿಗಾಗಿಯೇ ‘ಕೌತುಕನಿಧಿ’ ಎಂಬ ಭಾಗವಿದೆ. ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಬಂಧಗಳನ್ನು ಅವರು ರಚಿಸಿದರು. ನಮ್ಮ ಹಳೆಯ ದೇಸೀ ಆಟದಲ್ಲಿ ಕಾಲಾಳಿನಿಂದ ಮಾತ್ ಮಾಡುವುದಕ್ಕೆ ವಿಶೇಷ ಮರ್ಯಾದೆಯಿತ್ತು. ಮಾರ್ಫಿಯ ಸಮಸ್ಯೆಯಲ್ಲಿ ಕಾಲಾಳು ಬಿ-7ಕ್ಕೆ ಹೆಜ್ಜೆಯಿಟ್ಟು ಮಾತ್ ಮಾಡಿತಲ್ಲ, ಅದನ್ನು ನೋಡಿದ್ದರೆ ನಮ್ಮ ಹಿರಿಯರು ತಲೆದೂಗುತ್ತಿದ್ದರು.

ನಮ್ಮ ಮುಂಬಯಿಯೂ ಹಿಂದೆ ಬಿದ್ದಿಲ್ಲ. ‘ನವಾಕಾಳ’ ಪತ್ರಿಕೆಯ ಸಂಪಾದಕರಾಗಿದ್ದ ನೀಲಕಂಠ ಖಾಡಿಲ್ಕರರ ಮೂವರು ಹೆಣ್ಣುಮಕ್ಕಳು, ವಾಸಂತಿ, ಜಯಶ್ರೀ, ರೋಹಿಣಿ, ಒಂದು ಕಾಲಕ್ಕೆ ಭಾರತದ ಮಹಿಳಾ ಚೆಸ್ ಅನ್ನೇ ಆಳಿದರು. 1974ರಲ್ಲಿ ಮೊದಲ ರಾಷ್ಟ್ರೀಯ ಮಹಿಳಾ ಸ್ಪರ್ಧೆ ನಡೆದದ್ದು ನಮ್ಮ ಬೆಂಗಳೂರಿನಲ್ಲಿ, ಗೆದ್ದವರು ಮುಂಬಯಿಯ ವಾಸಂತಿ. 1981ರಲ್ಲಿ ರೋಹಿಣಿ ಏಷ್ಯಾ ಚಾಂಪಿಯನ್ ಆದರು.

ಕೊನೆಯದಾಗಿ ಅಜ್ಜ ಅಜ್ಜಿಯರಿಗೆ ಒಂದು ಮಾತು. ಶಾಲೆಯಿಂದ ಬಂದ ಮೊಮ್ಮಗಳು ಇಂಗ್ಲಿಷ್, ಹಿಂದಿ, ಮರಾಠಿ ಬೆರೆಸಿ ಮಾತಾಡುತ್ತಾಳೆ, ಕನ್ನಡದಲ್ಲಿ ಏನು ಹೇಳಿದರೂ ‘ಹೂಂ’ ಅಂದು ಸುಮ್ಮನಾಗುತ್ತಾಳೆ ಅಂತ ಎಷ್ಟೋ ಮನೆಗಳಲ್ಲಿ ಕೊರಗು. ಅವಳ ಮುಂದೆ ಮಣೆ ಇಡಿ. ಬಿಷಪ್ ಅಂದರೆ ಒಂಟೆ, ರೂಕ್ ಅಂದರೆ ಆನೆ ಅಂತ ಹೇಳಿಕೊಡಿ. ‘ಒಂಟೆ ಕದಲಿದರೆ ಏನು ಮಾಡ್ತೀಯಾ?’ ಅಂತ ನೀವು ಕೇಳಿ, ಅವಳು ಉತ್ತರ ಹುಡುಕಲಿ. ಹತ್ತು ನಿಮಿಷ ಇಬ್ಬರೂ ಒಂದೇ ವಿಷಯವನ್ನು ಯೋಚಿಸುತ್ತೀರಿ, ಅದೂ ಕನ್ನಡದಲ್ಲಿ.

ಹಾಗೆ ಶುರುಮಾಡಲು ಮೂರೇ ಕಾಯಿಗಳ ಒಂದು ಸಮಸ್ಯೆ. ಬಿಳಿ ರಾಜ ಎಫ್-6, ಬಿಳಿ ಆನೆ ಜಿ-1, ಕಪ್ಪು ರಾಜ ಎಚ್-8. ಬಿಳಿಯ ಸರದಿ, ಎರಡು ನಡೆಯಲ್ಲಿ ಮಾತ್. ಒಂದು ಎಚ್ಚರಿಕೆ: ಆನೆಯನ್ನು ಅವಸರದಿಂದ ಜಿ-7ಕ್ಕೆ ತಂದರೆ ಕಪ್ಪು ರಾಜನಿಗೆ ಶಹವೂ ಇಲ್ಲ, ಹೋಗಲು ಮನೆಯೂ ಇಲ್ಲ, ಗೆಲ್ಲುವ ಆಟ ಡ್ರಾ ಆಗುತ್ತದೆ. ಎದುರಾಳಿಗೆ ಒಂದು ಮನೆ ಬಿಟ್ಟುಕೊಟ್ಟರೇ ಮಾತ್ ಸಿಗುವುದು. ಆ ಮನೆ ಯಾವುದು ಅಂತ ಮನೆಮಂದಿಯೆಲ್ಲ ಕೂತು ಹುಡುಕಿ.