ಹೋಬಳಿ ಶಾಲೆಯ ದಾಖಲಾತಿ ಪುಸ್ತಕ



2021ರ ಆಗಸ್ಟ್‌ನಲ್ಲಿ ಮೆಟ್ರೊ ನಮ್ಮ ಕೆಂಗೇರಿಗೆ ಬಂತು. 2007ರಲ್ಲೇ ನಮ್ಮ ಪುರಸಭೆ ಬೃಹತ್ ಬೆಂಗಳೂರು ಪಾಲಿಕೆಗೆ ಸೇರಿಹೋಗಿತ್ತು. ಅದಕ್ಕೂ ಹಿಂದಕ್ಕೆ ಹೋದರೆ ಕೆಂಗೇರಿ ಅಂದರೆ ವೃಷಭಾವತಿ ಮಗ್ಗುಲಿನ ಒಂದು ಹೋಬಳಿ. ರಾಗಿ, ಹಿಪ್ಪುನೇರಳೆ, ರೇಷ್ಮೆ. 1866ರ ಸುಮಾರಿಗೆ ಇಟಲಿಯ ಡಿ ವೆಕ್ಕಿ ಜಪಾನಿನಿಂದ ರೇಷ್ಮೆ ಮೊಟ್ಟೆ ತರಿಸಿ, ಉಗಿಯಿಂದ ನೂಲು ಬಿಚ್ಚುವ ಕಾರ್ಖಾನೆ ಹೂಡಿದ್ದು ಇದೇ ಊರಿನಲ್ಲಿ.

ಆಗ ಹಳ್ಳಿಯ ಓದು ಅಂದರೆ ಕೂಲಿಮಠ. ಯಾರದೋ ಮನೆಯ ಜಗಲಿ, ಒಬ್ಬರು ಐಗಳು. ಹುಡುಗರು ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತಿದ್ದರು. ಕೈ ಕುದುರಿದ ಮೇಲೆ ಮಸಿ ಬಳಿದ ಬಟ್ಟೆಯ ಕಡತ, ಕೈಗೊಂದು ಬಳಪ. ಮಹಾನವಮಿ ಬಂತೆಂದರೆ ಐಗಳ ಜೊತೆ ಹಾಡುತ್ತ ಮನೆಮನೆಗೆ ಹೋಗುವರು, ಅವರಿಗೆ ಸಿಗುತ್ತಿದ್ದ ಸಂಭಾವನೆಯಲ್ಲಿ ಅದೂ ಒಂದು ಪಾಲು. ಆ ಜಗಲಿಗೆ ಹೆಣ್ಣುಮಕ್ಕಳು ಬರುವುದು ಅಪರೂಪ. ಊರಾಚೆ ಇಟ್ಟಿದ್ದವರ ಮಕ್ಕಳಿಗಂತೂ ಬಾಗಿಲೇ ಇರಲಿಲ್ಲ.

1868ರಲ್ಲಿ ಶಿಕ್ಷಣ ಇಲಾಖೆಯಲ್ಲಿದ್ದ ಬಿ.ಎಲ್. ರೈಸ್ ಅವರು ಮೈಸೂರು ಸೀಮೆಗೆ ಹೋಬಳಿ ಶಾಲೆಗಳ ಯೋಜನೆ ರೂಪಿಸಿದರು. ಹೋಬಳಿಗೊಂದು ಸರ್ಕಾರಿ ಶಾಲೆ, ತರಬೇತಾದ ಮೇಷ್ಟ್ರು. ಬೆಂಗಳೂರಿನಲ್ಲೇ ಹುಟ್ಟಿದ ಈ ರೈಸ್ ಶಾಲೆಗಳ ತಪಾಸಣೆಗೆಂದು ಕುದುರೆ ಏರಿ ಊರೂರು ಸುತ್ತುವಾಗ ದೇವಸ್ಥಾನದ ಅಂಗಳದಲ್ಲೂ ಕೆರೆ ಏರಿಯ ಮೇಲೂ ಶಾಸನಗಳನ್ನು ಕಂಡರು. ಆ ಕಲ್ಲುಗಳ ಓದು 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಾಗಿ ನಮ್ಮ ಕೈ ಸೇರಿತು. ಅವರಿಗೆ ನಾವು ಎಷ್ಟು ಋಣಿಗಳಾದರೂ ಸಾಲದು.

ನನ್ನ ಸಂಕಟ ಇರುವುದು ಇಲ್ಲೇ. ಶಾಸನದಲ್ಲಿ ಭೂಮಿ ಕೊಟ್ಟವನ ಹೆಸರಿದೆ, ಪಡೆದವನ ಹೆಸರಿದೆ. ಆ ಭೂಮಿ ಉತ್ತವನ ಮಗನ ಹೆಸರು ಮೊದಲ ಸಲ ಬರಹಕ್ಕೆ ಇಳಿದದ್ದು ಬಹಳ ಮಟ್ಟಿಗೆ ಶಾಲೆಯ ದಾಖಲಾತಿ ಪುಸ್ತಕದಲ್ಲಿ. ಕಲ್ಲನ್ನು ಸಂಪುಟಗಳಲ್ಲಿ ಕಾಪಾಡಿದೆವು, ಕಾಗದವನ್ನು ಗೆದ್ದಲಿಗೆ ಬಿಟ್ಟೆವು.

ಅಂಥ ಪುಸ್ತಕದ ಒಂದು ಸಾಲು ಎಷ್ಟು ಹೇಳುತ್ತದೆ ನೋಡಿ: ಮಗುವಿನ ಹೆಸರು, ಜಾತಿ, ತಂದೆಯ ಕಸುಬು, ಸೇರಿದ ತಾರೀಖು, ಬಿಟ್ಟ ತಾರೀಖು, ಬಿಟ್ಟ ಕಾರಣ. ಈ ಕೊನೆಯ ಕಲಮನ್ನು ನಿಧಾನವಾಗಿ ಓದಬೇಕು. ರೇಷ್ಮೆ ಸಾಕುವ ಮನೆಯನ್ನೇ ನೋಡಿ: ಕೊನೆಯ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಎದ್ದ ಹುಳು ಹಗಲು ರಾತ್ರಿ ಸೊಪ್ಪು ಕೇಳುತ್ತದೆ. ಹಣ್ಣಾದ ಹುಳುವನ್ನು ಆಯ್ದು ಗೂಡು ಕಟ್ಟುವ ಚಂದ್ರಿಕೆಗೆ ಬಿಡಲು ಮನೆಮಂದಿಯೆಲ್ಲ ಬೇಕು. ರೇಷ್ಮೆ ಮನೆಯ ಮಗು ಆ ವಾರ ಶಾಲೆಗೆ ಹೋಗುವುದು ಹೇಗೆ? 1913ರಲ್ಲಿ ಮೈಸೂರು ಸಂಸ್ಥಾನ ಕಡ್ಡಾಯ ಶಿಕ್ಷಣದ ಕಾನೂನು ತಂದ ಮೇಲೂ ಹಳ್ಳಿಮನೆಯ ಈ ಲೆಕ್ಕ ಬದಲಾಗಲಿಲ್ಲ.

ರಾಜಾಜಿನಗರ ಎದ್ದಾಗ ಕೇತಮಾರನಹಳ್ಳಿ, ಬಸವೇಶ್ವರನಗರ ಬೆಳೆದಾಗ ಸಾಣೆಗುರುವನಹಳ್ಳಿ, ವಿಜಯನಗರದ ಬದಿಯಲ್ಲಿ ಅತ್ತಿಗುಪ್ಪೆ, ಹೊಸಹಳ್ಳಿ, ಹೀಗೆ ಒಂದೊಂದೇ ಹಳ್ಳಿ ಬಡಾವಣೆಯೊಳಗೆ ಸೇರಿತು. ಹೆಸರುಗಳು ಬಸ್ಸಿನ ಬೋರ್ಡಿನಲ್ಲೋ ಮೆಟ್ರೊ ನಿಲ್ದಾಣದಲ್ಲೋ ಉಳಿದಿವೆ. ಅಲ್ಲಿ ಅಕ್ಷರ ಕಲಿತವರ ಪಟ್ಟಿಯೂ ಉಳಿಯಬೇಕೆಂಬುದು ನನ್ನ ಹಟ.

ನಿಮ್ಮ ಮನೆಯಲ್ಲಿ ಅಜ್ಜನ ವರ್ಗಾವಣೆ ಪತ್ರ, ಹಾಜರಿ ಪುಸ್ತಕ, ಮೇಷ್ಟ್ರ ಜೊತೆ ತೆಗೆಸಿದ ಗುಂಪು ಫೋಟೊ ಇದ್ದರೆ ಮುಂದಿನ ಉಪನ್ಯಾಸಕ್ಕೆ ಬರುವಾಗ ತನ್ನಿ. ನಿಮ್ಮೆದುರೇ ಪ್ರತಿ ಮಾಡಿಕೊಂಡು ಮೂಲವನ್ನು ನಿಮ್ಮ ಕೈಗೇ ಕೊಡುತ್ತೇವೆ. ಫೋಟೊದಲ್ಲಿರುವವರ ಹೆಸರು ಗೊತ್ತಿರುವ ಹಿರಿಯರಿದ್ದರೆ ಅವರನ್ನೂ ಜೊತೆಗೆ ಕರೆತನ್ನಿ.